ಕಾರಿನ ಮುಂದಿನ ಚಕ್ರದ ಬೇರಿಂಗ್ ಬದಲಾಯಿಸುವುದು: ಮನೆಯಲ್ಲಿ ಎಷ್ಟು, ಲೇತ್ ಅಂಗಡಿಯಲ್ಲಿ ಎಷ್ಟು

ಕಾರು 50-60 ಕಿಲೋಮೀಟರ್ ವೇಗ ದಾಟಿದ ಕೂಡಲೇ ಒಂದು ಬದಿಯಿಂದ ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ. ವೇಗ ಏರಿದಂತೆ ಅದೂ ಏರುತ್ತದೆ. ನ್ಯೂಟ್ರಲ್‌ಗೆ ಹಾಕಿ ಸುಮ್ನೆ ಉರುಳಲು ಬಿಟ್ಟರೂ ನಿಲ್ಲುವುದಿಲ್ಲ. ಅಲ್ಲಿಗೆ ಅದು ಎಂಜಿನ್ನಿನ ಸದ್ದಲ್ಲ ಅಂತಾಯಿತು. ಒಂದೋ ಟೈರು, ಇಲ್ಲವೇ ಚಕ್ರದ ಬೇರಿಂಗ್.

ಬೇರಿಂಗ್ ಬದಲಾಯಿಸುವುದು ಮನೆಯಲ್ಲಿ ಆಗುವ ಕೆಲಸವಾ? ಮುಕ್ಕಾಲು ಪಾಲು ಆಗುತ್ತದೆ. ಬಿಚ್ಚುವುದು, ಉಜ್ಜಿ ಚೊಕ್ಕ ಮಾಡುವುದು, ಮತ್ತೆ ಕಟ್ಟುವುದು ಎಲ್ಲ ಮನೆ ಮುಂದೆಯೇ ಆದೀತು. ಹಳೆಯ ಬೇರಿಂಗನ್ನು ಹೊರಗೆ ಒತ್ತಿ, ಹೊಸದನ್ನು ಒಳಗೆ ಕೂರಿಸುವುದಕ್ಕೆ ಮಾತ್ರ ಪ್ರೆಸ್, ಅಂದರೆ ಒತ್ತುವ ಯಂತ್ರ ಬೇಕು. ಆ ಭಾಗವನ್ನು ಲೇತ್ ಅಂಗಡಿಗೆ ಒಯ್ದು ಮಾಡಿಸಿಕೊಂಡು ಬನ್ನಿ ಅನ್ನುವುದು ನನ್ನ ಸಲಹೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಬೇರಿಂಗ್ ಬಹಳ ದಿನ ಬಾಳುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಯಾವ ತರಹದ ಬೇರಿಂಗ್ ಅಂತ ಮೊದಲು ತಿಳಿಯಿರಿ

ಸ್ವಿಫ್ಟ್, ಐ10 ತರಹದ ಸಣ್ಣ ಕಾರುಗಳ ಮುಂದಿನ ಚಕ್ರದಲ್ಲಿ ಎರಡು ಸಾಲು ಗುಂಡುಗಳಿರುವ ಒಂದೇ ಬೇರಿಂಗ್ ಇರುತ್ತದೆ. ಅದರ ಹೊರರಿಂಗು ಸ್ಟೀರಿಂಗ್ ನಕಲ್ ಅನ್ನುವ ದಪ್ಪ ಎರಕದ ತುಂಡಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಒಳರಿಂಗು ಎರಡು ತುಂಡಾಗಿದ್ದು, ಅದರೊಳಗೆ ಹಬ್ ಕೂತಿರುತ್ತದೆ. ಆ ಹಬ್ಬಿಗೇ ಚಕ್ರದ ಬೋಲ್ಟುಗಳು ಇರುವುದು. ಹಬ್ಬಿನ ನಡುವೆ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟ್ ತೂರಿ ಹೊರಗೆ ಬರುತ್ತದೆ, ತುದಿಗೆ ಒಂದು ದೊಡ್ಡ ನಟ್ಟು, ಅದೇ ಆಕ್ಸಲ್ ನಟ್ಟು. ಈ ಲೇಖನ ಈ ತರಹದ ಬೇರಿಂಗ್ ಬಗ್ಗೆ.

ಕೆಲವು ಕಾರುಗಳಲ್ಲಿ ಬೇರಿಂಗ್ ಮತ್ತು ಹಬ್ ಸೇರಿ ಒಂದೇ ತುಂಡಾಗಿ ಬರುತ್ತದೆ, ಮೂರ್ನಾಲ್ಕು ಬೋಲ್ಟಿನಲ್ಲಿ ನಕಲ್‌ಗೆ ಕೂರುತ್ತದೆ. ನಿಮ್ಮದು ಅಂಥದ್ದಾದರೆ ನೀವು ಅದೃಷ್ಟವಂತರು. ಪ್ರೆಸ್ಸಿನ ಗೋಜೇ ಇಲ್ಲ. ಹಳೆಯ ಮಾರುತಿ 800ರ ಹಿಂದಿನ ಚಕ್ರ ಬೇರೆಯೇ ಬಗೆ. ಅಲ್ಲಿ ಡ್ರಮ್ಮಿನೊಳಗೆ ಎರಡು ಬಿಡಿ ಬೇರಿಂಗ್, ನಡುವೆ ಒಂದು ಸ್ಪೇಸರ್ ಇರುತ್ತದೆ. ಅವನ್ನು ಒಳಗಿನಿಂದ ರಾಡು ಕೊಟ್ಟು ತಟ್ಟಿ ತೆಗೆಯಬಹುದು. ಮತ್ತೆ ಕೂರಿಸುವಾಗ ಸ್ಪೇಸರ್ ಮರೆಯಬೇಡಿ, ಅಷ್ಟೇ.

ನಿಜವಾಗಿ ಬೇರಿಂಗೇನಾ?

ಒಳ್ಳೆಯ ಬೇರಿಂಗ್ ಬಿಚ್ಚಿ ಎಸೆದ ಮೇಲೂ ಸದ್ದು ಹಾಗೇ ಉಳಿದರೆ ಬೇಜಾರಾಗುತ್ತದೆ, ಅಲ್ವಾ? ಅದಕ್ಕೆ ಇಲ್ಲಿ ಅರ್ಧ ಗಂಟೆ ಜಾಸ್ತಿ ಕಳೆದರೂ ಪರವಾಗಿಲ್ಲ.

ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ, ಆಮೇಲೆ ಬಲಕ್ಕೆ ಎಳೆಯಿರಿ. ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಗಡೆಯದು. ಇದು ಸುಳಿವು ಮಾತ್ರ, ತೀರ್ಪಲ್ಲ.

ಟೈರಿನ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ. ಡಾಂಬರಿನಲ್ಲಿ ಒಂದು ತರಹ, ಕಾಂಕ್ರೀಟಿನಲ್ಲಿ ಇನ್ನೊಂದು ತರಹ. ಬೇರಿಂಗ್ ಸದ್ದಿಗೆ ರಸ್ತೆಯ ಹಂಗು ಅಷ್ಟಿಲ್ಲ. ಆದರೂ ಅನುಮಾನ ಹೋಗದಿದ್ದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ನೋಡಿ. ಸದ್ದೂ ಜಾಗ ಬದಲಾಯಿಸಿದರೆ ಟೈರೇ ಕಾರಣ. ಇನ್ನು ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕ್ ಟಕ್ ಅಂದರೆ ಅದು ಡ್ರೈವ್ ಶಾಫ್ಟಿನ ಹೊರ ಜಾಯಿಂಟ್. ಬೇರಿಂಗಿಗೂ ಅದಕ್ಕೂ ಸಂಬಂಧವಿಲ್ಲ.

ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಇನ್ನೆರಡು ಪರೀಕ್ಷೆ ಮಾಡಿ. ಒಂದು ಕೈಯಲ್ಲಿ ಚಕ್ರ ತಿರುಗಿಸಿ, ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಡಿ. ಬೇರಿಂಗ್ ಸವೆದಿದ್ದರೆ ಸ್ಪ್ರಿಂಗಿನಲ್ಲಿ ಸಣ್ಣ ಗರಗರ ಕೈಗೆ ಗೊತ್ತಾಗುತ್ತದೆ. ಕಿವಿಗಿಂತ ಬೆರಳು ಇದನ್ನು ಬೇಗ ಹಿಡಿಯುತ್ತದೆ. ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ ಕಂಡರೆ ಬೇರಿಂಗ್ ಇರಬಹುದು, ನಕಲ್ಲನ್ನು ಕೆಳಗಿನ ತೋಳಿಗೆ (ಲೋವರ್ ಆರ್ಮ್) ಜೋಡಿಸುವ ಬಾಲ್ ಜಾಯಿಂಟ್ ಕೂಡ ಇರಬಹುದು. ಆಗ ಒಬ್ಬರಿಗೆ ಒಳಗೆ ಕೂತು ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಹಬ್ಬೂ ನಕಲ್ಲೂ ಒಂದಾಗಿ ಬಿಗಿಯುತ್ತವೆ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್. ಚಕ್ರವನ್ನು ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನಿಂದ ನಕಲ್‌ಗೆ ಬರುವ ರಾಡಿನ ತುದಿ ನೋಡಿ.

ಸಾಮಾನು ಕೊಳ್ಳುವಾಗ

ಬೇರಿಂಗ್ ಜೊತೆಗೆ ಹೊಸ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ), ಹೊಸ ಆಕ್ಸಲ್ ನಟ್ಟು, ಹೊಸ ಸ್ಪ್ಲಿಟ್ ಪಿನ್ ತನ್ನಿ. ಹಳೆಯ ಆಕ್ಸಲ್ ನಟ್ಟನ್ನು ಮತ್ತೆ ಬಳಸಬೇಡಿ. ಒಮ್ಮೆ ಅದರ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಬಗ್ಗಿಸಿರುತ್ತಾರೆ, ಎರಡನೇ ಸಲ ಆ ಜಾಗ ಸರಿಯಾಗಿ ಹಿಡಿಯುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಒಂದೇ ಬೇರಿಂಗಿಗೆ ನಾಲ್ಕು ಬೆಲೆ ಕೇಳಬಹುದು. ತೀರಾ ಕಡಿಮೆ ಬೆಲೆ ಹೇಳಿದರೆ ಹುಷಾರು. ಬೇರಿಂಗ್‌ಗಳಲ್ಲಿ ಡೂಪ್ಲಿಕೇಟ್ ಕಾಟ ಇದೆ. ಡಬ್ಬ ನೋಡಿದರೆ ಅಸಲಿಯೇ ಅನ್ನಿಸುವಂತೆ ಇರುತ್ತದೆ. ಎಸ್‌ಕೆಎಫ್ ಕಂಪನಿ ಇದಕ್ಕೆಂದೇ ಅಥೆಂಟಿಕೇಟ್ ಅನ್ನುವ ಮೊಬೈಲ್ ಆ್ಯಪ್ ಇಟ್ಟಿದೆ. ಬೇರೆ ಕಂಪನಿಯದಾದರೆ ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ಕೊಳ್ಳಿ. ಕಾರಿನ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಒಂದೇ ಹೆಸರಿನ ಕಾರಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವುದಕ್ಕೂ ಇಲ್ಲದ್ದಕ್ಕೂ ಬೇರಿಂಗ್ ಬೇರೆ ಇರಬಹುದು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದಕ್ಕಿಂತ ಹಳೆಯ ಕಾರಾದರೆ ನೋಡಿ ಖಚಿತ ಮಾಡಿಕೊಳ್ಳಿ.

ಉಪಕರಣಗಳಲ್ಲಿ ಮುಖ್ಯವಾದದ್ದು ಆಕ್ಸಲ್ ನಟ್ಟಿಗೆ ಸರಿಹೊಂದುವ ಸಾಕೆಟ್. ಸಣ್ಣ ಕಾರುಗಳಲ್ಲಿ 30 ಅಥವಾ 32 ಮಿಲಿಮೀಟರ್ ಅಳತೆ ಹೆಚ್ಚು ಕಾಣುತ್ತದೆ. ಮೊದಲು ಅಳೆದು ಆಮೇಲೆ ಕೊಳ್ಳಿ. ಅದಕ್ಕೆ ಅರ್ಧ ಇಂಚಿನ ಉದ್ದ ಹಿಡಿ, ಮೇಲೆ ತೂರಿಸಲು ಒಂದು ಪೈಪು. ಬಿಗಿತ ಅಳೆದು ಬಿಗಿಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಬಾಡಿಗೆಗಾದರೂ ತನ್ನಿ, ಈ ಕೆಲಸದಲ್ಲಿ ಅಂದಾಜು ನಡೆಯುವುದಿಲ್ಲ. ಸರ್ಕ್ಲಿಪ್ ಪ್ಲೈಯರ್, ಬಾಲ್ ಜಾಯಿಂಟ್ ಬಿಡಿಸುವ ಪುಲ್ಲರ್, ತುಕ್ಕು ಬಿಡಿಸುವ ಸ್ಪ್ರೇ, ವೈರ್ ಬ್ರಷ್, ಕಣ್ಣಿಗೆ ಕನ್ನಡಕ, ಗಟ್ಟಿ ತಂತಿ ಇರಲಿ. ತುಕ್ಕಿನ ಸ್ಪ್ರೇಯನ್ನು ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ಹೊಡೆದಿಡಿ. ಬ್ರೇಕ್ ಡಿಸ್ಕಿಗೆ ಮಾತ್ರ ತಾಗಬಾರದು.

ಇನ್ನೊಂದು ಮಾತು. ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಬದಲಾಯಿಸಲು ಮಾತ್ರ. ಈ ಕೆಲಸದಲ್ಲಿ ನೀವು ಕಾರಿನ ಪಕ್ಕ ಕೂತು ಜೋರಾಗಿ ಎಳೆದು ತಳ್ಳಿ ಮಾಡುತ್ತೀರಿ. ಜಾಕ್ ಸ್ಟ್ಯಾಂಡ್ ಇಲ್ಲದೆ ಶುರು ಮಾಡಲೇಬೇಡಿ. ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಕುಸಿಯುತ್ತದೆ.

ಬಿಚ್ಚುವುದು

ಕಾರು ನೆಲದ ಮೇಲಿರುವಾಗಲೇ ಆಕ್ಸಲ್ ನಟ್ಟು ಸಡಿಲಿಸಿ. ವೀಲ್ ಕ್ಯಾಪ್ ತೆಗೆಯಿರಿ, ನಟ್ಟಿನ ಬಗ್ಗಿದ ಅಂಚನ್ನು ಸಣ್ಣ ಉಳಿಯಿಂದ ಮೇಲೆತ್ತಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ನಟ್ಟು ಅರ್ಧ ಸುತ್ತು ಬಂದರೆ ಸಾಕು. ಚಕ್ರದ ನಟ್ಟುಗಳನ್ನೂ ಹೀಗೇ ಸ್ವಲ್ಪ ಸಡಿಲಿಸಿ. ಇನ್ನು ಮೇಲೆ ಕಾರನ್ನು ಒಂದಿಂಚೂ ಉರುಳಿಸಬಾರದು. ಬೇರಿಂಗಿನ ಎರಡು ಒಳರಿಂಗುಗಳನ್ನು ಒತ್ತಿ ಹಿಡಿದಿರುವುದು ಆ ಆಕ್ಸಲ್ ನಟ್ಟೇ.

ಕಾರು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರ ಬಿಚ್ಚಿ ಕಾರಿನ ಅಡಿಗೆ ತಳ್ಳಿಬಿಡಿ. ಆಕಸ್ಮಾತ್ ಸ್ಟ್ಯಾಂಡ್ ಜಾರಿದರೆ ಕಾರು ಚಕ್ರದ ಮೇಲೆ ನಿಲ್ಲುತ್ತದೆ.

ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕ್ ಕ್ಯಾಲಿಪರ್ ಬ್ರಾಕೆಟ್ಟಿನ ಹಿಂದಿನ ಎರಡು ಬೋಲ್ಟು ಬಿಚ್ಚಿ ಇಡೀ ಜೋಡಣೆಯನ್ನು ಹೊರಗೆ ಎಳೆಯಿರಿ. ಅದನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿ. ಬ್ರೇಕ್ ಹೋಸಿನ ಮೇಲೆ ಭಾರ ಬೀಳಬಾರದು. ಈಗಿನಿಂದ ಯಾರೂ ಬ್ರೇಕ್ ಪೆಡಲ್ ಮುಟ್ಟಬಾರದು, ಮುಟ್ಟಿದರೆ ಪಿಸ್ಟನ್ ಹೊರಗೆ ಬರುತ್ತದೆ. ಡಿಸ್ಕ್ ಕಚ್ಚಿಕೊಂಡಿದ್ದರೆ ಅದರ ಮೇಲೆ ಮರೆ (ಸ್ಕ್ರೂ ಸುತ್ತು) ಇರುವ ಎರಡು ತೂತುಗಳಿವೆಯಾ ನೋಡಿ. ಹಲವು ಮಾರುತಿ ಕಾರುಗಳಲ್ಲಿ ಇರುತ್ತವೆ. ಅಲ್ಲಿಗೆ 8 ಮಿಲಿಮೀಟರ್ ಬೋಲ್ಟು ಎರಡನ್ನು ಸಮವಾಗಿ ಬಿಗಿಯುತ್ತಾ ಹೋದರೆ ಡಿಸ್ಕ್ ತಾನಾಗಿ ಈಚೆ ಬರುತ್ತದೆ.

ಎಬಿಎಸ್ ಸೆನ್ಸರ್ ಒಂದೇ ಬೋಲ್ಟಿನಲ್ಲಿ ಕೂತಿರುತ್ತದೆ, ಆದರೆ ತುಕ್ಕು ಹಿಡಿದರೆ ಹೊರಗೆ ಬರಲು ಒಪ್ಪುವುದಿಲ್ಲ. ವೈರ್ ಹಿಡಿದು ಎಳೆಯಬೇಡಿ. ಸ್ಪ್ರೇ ಹೊಡೆದು, ಮೆಲ್ಲಗೆ ಆಚೀಚೆ ತಿರುಗಿಸಿ. ಬರಲೇ ಇಲ್ಲವೆಂದರೆ ಅದನ್ನು ನಕಲ್‌ನಲ್ಲೇ ಬಿಟ್ಟು, ಮೇಲಿನ ಕನೆಕ್ಟರ್ ಬಿಡಿಸಿ. ಪ್ರೆಸ್ ಮಾಡುವವರಿಗೆ ಸೆನ್ಸರ್ ಒಳಗಿದೆ ಅಂತ ಹೇಳಿ.

ಟೈ ರಾಡ್ ಎಂಡಿನ ಸ್ಪ್ಲಿಟ್ ಪಿನ್ ಮತ್ತು ನಟ್ಟು ತೆಗೆದು ಪುಲ್ಲರ್‌ನಿಂದ ಬಿಡಿಸಿ. ಮರೆಯ ಮೇಲೆ ಸುತ್ತಿಗೆ ಹೊಡೆದರೆ ಅಲ್ಲೇ ಇನ್ನೊಂದು ಖರ್ಚು ಹುಟ್ಟುತ್ತದೆ. ಕೆಳಗಿನ ಬಾಲ್ ಜಾಯಿಂಟ್ ಹಲವು ಕಾರುಗಳಲ್ಲಿ ಒಂದು ಅಡ್ಡ ಬೋಲ್ಟಿನಿಂದ ಹಿಡಿದಿರುತ್ತದೆ. ಆ ಬೋಲ್ಟು ಪೂರ್ತಿ ಎಳೆದು, ಲೋವರ್ ಆರ್ಮನ್ನು ರಾಡಿನಿಂದ ಕೆಳಗೆ ಒತ್ತಿ. ಕೊನೆಗೆ ಮೇಲೆ ಶಾಕ್ ಅಬ್ಸಾರ್ಬರಿಗೆ ಹಿಡಿದಿರುವ ಎರಡು ಬೋಲ್ಟು. ಬಿಚ್ಚುವ ಮುಂಚೆ ಪೇಂಟಿನಿಂದಲೋ ಮಾರ್ಕರಿನಿಂದಲೋ ಅವು ಕೂತಿದ್ದ ಜಾಗ ಗುರುತು ಹಾಕಿ. ಮತ್ತೆ ಕೂರಿಸುವಾಗ ಅಲ್ಲಿ ತುಸು ಸರಿದರೂ ಚಕ್ರದ ವಾಲು ಬದಲಾಗುತ್ತದೆ.

ಡ್ರೈವ್ ಶಾಫ್ಟ್ ಬಿಡಿಸುವಾಗ ಆಕ್ಸಲ್ ನಟ್ಟನ್ನು ತುದಿಯವರೆಗೆ ತಂದು ನಿಲ್ಲಿಸಿ, ಮರದ ತುಂಡಿಟ್ಟು ತಟ್ಟಿ. ಮರೆ ಉಳಿಯುತ್ತದೆ. ಸಡಿಲವಾದ ಮೇಲೆ ನಟ್ಟು ತೆಗೆದು ನಕಲ್ಲನ್ನು ಹೊರಗೆ ವಾಲಿಸಿ ಶಾಫ್ಟಿನಿಂದ ಕಳಚಿ. ಶಾಫ್ಟನ್ನು ನಿಮ್ಮ ಕಡೆಗೆ ಎಳೆಯಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳಬಹುದು. ಅದನ್ನೂ ತಂತಿಯಿಂದ ಕಟ್ಟಿ ಮೇಲಿಡಿ.

ಒತ್ತಡ ಯಾವ ರಿಂಗಿನ ಮೇಲೆ?

ಈಗ ನಿಮ್ಮ ಕೈಯಲ್ಲಿ ನಕಲ್ಲಿದೆ. ಲೇತ್ ಅಂಗಡಿಗೆ ಹೊರಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಪ್ರೆಸ್ ನಡೆಸುವವರು ಅನುಭವಿಗಳೇ ಇರಬಹುದು, ಆದರೂ ಪಕ್ಕದಲ್ಲಿ ನಿಂತು ನೋಡಿ.

ಬೇರಿಂಗ್ ಅಂದರೆ ಎರಡು ಉಂಗುರ, ನಡುವೆ ಉಕ್ಕಿನ ಗುಂಡುಗಳು. ಹೊರರಿಂಗನ್ನು ನಕಲ್‌ನೊಳಗೆ ಕೂರಿಸುವಾಗ ಹೊರರಿಂಗನ್ನೇ ಒತ್ತಬೇಕು. ಆಗ ಒತ್ತಡ ನೇರವಾಗಿ ನಕಲ್‌ಗೆ ಹೋಗುತ್ತದೆ. ಒಳರಿಂಗನ್ನು ಒತ್ತಿದರೆ ಟನ್ನುಗಟ್ಟಲೆ ಬಲ ಗುಂಡುಗಳ ಮೂಲಕ ಹಾದುಹೋಗುತ್ತದೆ. ಗುಂಡು ರಿಂಗಿಗೆ ತಾಗುವ ಜಾಗ ಚುಕ್ಕಿಯಷ್ಟು. ಅಲ್ಲಿ ಕಣ್ಣಿಗೆ ಕಾಣದ ಕುಳಿ ಬೀಳುತ್ತದೆ. ಕೈಯಲ್ಲಿ ತಿರುಗಿಸಿದರೆ ಏನೂ ಗೊತ್ತಾಗುವುದಿಲ್ಲ. ರಸ್ತೆಗಿಳಿದ ಮೇಲೆ ಪ್ರತಿ ಗುಂಡೂ ಆ ಕುಳಿಗಳ ಮೇಲೆ ಹಾದು ಹೋಗುತ್ತದೆ, ಹೊಸ ಬೇರಿಂಗ್ ಹಳೆಯದರಂತೆ ಕೂಗಲು ಶುರು ಮಾಡುತ್ತದೆ. ಸುತ್ತಿಗೆ ಏಟಿನಲ್ಲೂ ಆಗುವುದು ಇದೇ. ಏಟು ನೇರ ಬೀಳದೆ ಬೇರಿಂಗ್ ಓರೆಯಾಗಿ ಹೋದರೆ ನಕಲ್ಲಿನ ಗೋಡೆಯೂ ಗೀಚಿಹೋಗುತ್ತದೆ.

ಮೊದಲು ಹಬ್ಬನ್ನು ಬೇರಿಂಗಿನಿಂದ ಹೊರಗೆ ಒತ್ತಬೇಕು. ಆಗ ಒಂದು ಒಳರಿಂಗು ಹಬ್ಬಿಗೇ ಕಚ್ಚಿಕೊಂಡು ಬರುವುದು ಸಾಮಾನ್ಯ. ಗಾಬರಿ ಬೇಡ. ಪುಲ್ಲರಿಗೆ ಸಿಕ್ಕರೆ ಎಳೆದು ತೆಗೆಯಿರಿ. ಸಿಗದಿದ್ದರೆ ಗ್ರೈಂಡರಿನಿಂದ ರಿಂಗಿನ ದಪ್ಪದ ಮುಕ್ಕಾಲು ಭಾಗ ಮಾತ್ರ ಒಂದು ಗೆರೆ ಕೊಯ್ದು, ಉಳಿಯಿಟ್ಟು ಒಂದು ಏಟು ಕೊಟ್ಟರೆ ರಿಂಗು ಬಿರಿಯುತ್ತದೆ. ಗ್ರೈಂಡರ್ ಹಬ್ಬಿಗೆ ತಾಗಬಾರದು. ಕನ್ನಡಕ ಹಾಕಿಕೊಂಡೇ ಮಾಡಿ, ಬೇರಿಂಗಿನ ಉಕ್ಕು ಚೂರಾಗಿ ಸಿಡಿಯುತ್ತದೆ.

ಆಮೇಲೆ ಸರ್ಕ್ಲಿಪ್ ತೆಗೆದು ಹಳೆಯ ಬೇರಿಂಗನ್ನು ಹೊರಗೆ ಒತ್ತಿಸಿ. ಸರ್ಕ್ಲಿಪ್ ತೆಗೆಯಲು ಮರೆತು ಪ್ರೆಸ್ ಕೊಟ್ಟರೆ ನಕಲ್ಲೇ ಒಡೆದೀತು. ಹಳೆಯದು ಹೇಗಿದ್ದರೂ ಎಸೆಯುವಂಥದ್ದು, ಹಾಗಾಗಿ ತೆಗೆಯುವಾಗ ಯಾವ ರಿಂಗು ಒತ್ತಿದರೂ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಹೊರರಿಂಗನ್ನು ಇಟ್ಟುಕೊಳ್ಳಿ. ಅದರ ಹೊರಮೈಯನ್ನು ಗ್ರೈಂಡರಿನಿಂದ ತುಸು ಸವೆಸಿದರೆ ಹೊಸ ಬೇರಿಂಗನ್ನು ಒತ್ತಲು ಅದಕ್ಕಿಂತ ಸರಿಯಾದ ಅಳತೆಯ ತುಂಡು ಇನ್ನೊಂದು ಸಿಗುವುದಿಲ್ಲ.

ನಕಲ್ಲಿನ ಒಳಮೈಯನ್ನು ಒರೆಸಿ, ಬೆಳಕು ಹಿಡಿದು ನೋಡಿ. ಸಣ್ಣ ತುಕ್ಕಿದ್ದರೆ ನುಣುಪಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ. ಹೊರರಿಂಗು ಒಳಗೇ ತಿರುಗಿ ಸುತ್ತಲೂ ಹೊಳೆಯುವ ಸವೆತ ಬಿದ್ದಿದ್ದರೆ ನಕಲ್ ಬದಲಾಯಿಸಬೇಕು. ಹೊಸ ಬೇರಿಂಗ್ ಅಲ್ಲಿ ನಿಲ್ಲುವುದಿಲ್ಲ. ಹಬ್ಬಿನ ಮೇಲೆ ನೀಲಿ ಬಣ್ಣ ತಿರುಗಿದ ಗುರುತು ಅಥವಾ ಗೀರು ಇದ್ದರೆ ಹಬ್ಬೂ ಹೊಸದು. ಇಲ್ಲಿ ಜಿಪುಣತನ ಮಾಡಿದರೆ ಇಡೀ ಕೆಲಸ ಎರಡನೇ ಸಲ.

ಹೊಸ ಬೇರಿಂಗನ್ನು ಕೊನೆ ಗಳಿಗೆಯವರೆಗೂ ಡಬ್ಬದಿಂದ ತೆಗೆಯಬೇಡಿ. ಅದಕ್ಕೆ ಗ್ರೀಸ್ ತುಂಬಿ ಸೀಲ್ ಮಾಡಿಯೇ ಬಂದಿರುತ್ತದೆ. ತೊಳೆಯುವುದೂ ಬೇಡ, ಗ್ರೀಸ್ ಸೇರಿಸುವುದೂ ಬೇಡ. ಎಬಿಎಸ್ ಇರುವ ಹಲವು ಕಾರುಗಳಲ್ಲಿ ಒಂದು ಬದಿಯ ಸೀಲ್ ಒಳಗೆ ಅಯಸ್ಕಾಂತದ ಪಟ್ಟಿ ಇರುತ್ತದೆ. ಸೆನ್ಸರ್ ಓದುವುದು ಅದನ್ನೇ, ಹಾಗಾಗಿ ಆ ಬದಿ ಸೆನ್ಸರ್ ಕಡೆಗೇ ಬರಬೇಕು. ಯಾವ ಬದಿ ಅನ್ನುವುದಕ್ಕೆ ಒಂದು ಹಗುರ ಪೇಪರ್ ಕ್ಲಿಪ್ ಹತ್ತಿರ ತನ್ನಿ, ಅಯಸ್ಕಾಂತ ಇರುವ ಕಡೆ ಮೆಲ್ಲಗೆ ಸೆಳೆಯುತ್ತದೆ. ಬೇರಿಂಗ್ ತಿರುಗುಮುರುಗಾಗಿ ಕೂತರೆ ಎಬಿಎಸ್ ದೀಪ ಉರಿಯುತ್ತದೆ, ಸರಿಮಾಡಲು ಮತ್ತೆ ಎಲ್ಲ ಬಿಚ್ಚಬೇಕು. ಸ್ಪೀಕರ್, ಅಯಸ್ಕಾಂತದ ತಟ್ಟೆ ಇಂಥವುಗಳ ಹತ್ತಿರ ಅದನ್ನು ಇಡಬೇಡಿ. ಇನ್ನು ಕೆಲವು ಕಾರುಗಳಲ್ಲಿ ಡ್ರೈವ್ ಶಾಫ್ಟಿನ ಜಾಯಿಂಟ್ ಮೇಲೆ ಹಲ್ಲಿನ ರಿಂಗ್ ಇರುತ್ತದೆ. ಅಲ್ಲಿ ಈ ತಲೆನೋವಿಲ್ಲ.

ಬೇರಿಂಗ್ ನೇರವಾಗಿ ಇಳಿಯುತ್ತಿದೆಯಾ ಅಂತ ಮೊದಲ ಕೆಲವು ಮಿಲಿಮೀಟರ್ ನೋಡಿ. ಓರೆ ಕಂಡರೆ ನಿಲ್ಲಿಸಿ, ತೆಗೆದು, ಮತ್ತೆ ಶುರು ಮಾಡಿಸಿ. ತಳ ಮುಟ್ಟಿದ ಮೇಲೆ ಹೊಸ ಸರ್ಕ್ಲಿಪ್ ಹಾಕಿ. ಅದು ಸುತ್ತಲೂ ತೋಡಿನೊಳಗೆ ಪೂರ್ತಿ ಕೂತಿದೆ ಅಂತ ಸ್ಕ್ರೂ ಡ್ರೈವರ್ ತುದಿಯಿಂದ ತಟ್ಟಿ ನೋಡಿ.

ಈಗ ಹಬ್ ಕೂರಿಸುವ ಸರದಿ. ಬಹಳ ಜನ ಎಡವುವುದು ಇಲ್ಲೇ. ಹಬ್ ಹೋಗುವುದು ಒಳರಿಂಗಿನೊಳಗೆ, ಹಾಗಾಗಿ ಕೆಳಗಿನಿಂದ ಆಧಾರ ಒಳರಿಂಗಿಗೇ ಸಿಗಬೇಕು. ಒಳರಿಂಗಿನಷ್ಟೇ ಅಗಲದ ಒಂದು ಕೊಳವೆ ಇಟ್ಟು, ಅದರ ಮೇಲೆ ಬೇರಿಂಗ್ ಕೂರುವಂತೆ ನಿಲ್ಲಿಸಿ, ಮೇಲಿನಿಂದ ಹಬ್ ಒತ್ತಿಸಿ. ನಕಲ್ಲನ್ನು ಸುಮ್ನೆ ಎರಡು ಕಬ್ಬಿಣದ ತುಂಡಿನ ಮೇಲಿಟ್ಟು ಹಬ್ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೇಲೆ. ಮೊದಲ ಒತ್ತು ಎಷ್ಟು ಚೆನ್ನಾಗಿ ಆಗಿದ್ದರೂ ಇಲ್ಲಿ ಬೇರಿಂಗ್ ಕೆಡುತ್ತದೆ. ಕೊಳವೆ ಎಲ್ಲಿ ಅಂತ ಕೇಳಲು ಸಂಕೋಚ ಬೇಡ.

ಪ್ರೆಸ್ ಸಿಗದ ಊರಿನಲ್ಲಿದ್ದರೆ ದಪ್ಪ ಮರೆರಾಡು ಮತ್ತು ಬೇರೆ ಬೇರೆ ಅಳತೆಯ ಬಟ್ಟಲುಗಳಿರುವ ಬೇರಿಂಗ್ ಕಿಟ್ ಬಳಸಬಹುದು. ನಿಧಾನ, ತೋಳು ನೋಯುತ್ತದೆ, ಆದರೆ ಸುತ್ತಿಗೆಗಿಂತ ಎಷ್ಟೋ ವಾಸಿ. ರಾಡಿನ ಮರೆಗೆ ಗ್ರೀಸ್ ಹಚ್ಚಿಕೊಳ್ಳಿ. ಯಾವ ರಿಂಗಿಗೆ ಯಾವ ಬಟ್ಟಲು ಅನ್ನುವ ನಿಯಮ ಅಲ್ಲೂ ಅದೇ.

ಮತ್ತೆ ಕಟ್ಟುವುದು

ಬಿಚ್ಚಿದ ಕ್ರಮದ ತಿರುವು, ಅಷ್ಟೇ. ಶಾಫ್ಟಿನ ಹಲ್ಲುಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ತೆಳ್ಳಗೆ ಗ್ರೀಸ್ ಸವರಿ ಹಬ್ಬಿನೊಳಗೆ ತೂರಿಸಿ. ಶಾಕ್ ಅಬ್ಸಾರ್ಬರ್ ಬೋಲ್ಟುಗಳನ್ನು ನೀವು ಹಾಕಿದ ಗುರುತಿಗೆ ಸರಿಯಾಗಿ ಕೂರಿಸಿ. ಬಾಲ್ ಜಾಯಿಂಟ್, ಟೈ ರಾಡ್, ಹೊಸ ಸ್ಪ್ಲಿಟ್ ಪಿನ್, ಸೆನ್ಸರ್, ಡಿಸ್ಕ್, ಕ್ಯಾಲಿಪರ್. ಡಿಸ್ಕಿಗೆ ಗ್ರೀಸ್ ತಾಗಿದ್ದರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ.

ಕ್ಯಾಲಿಪರ್ ಕಟ್ಟಿದ ಮೇಲೆ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಇದನ್ನು ಮರೆತು ಕಾರು ಹೊರಡಿಸಿದರೆ ಮೊದಲ ಬ್ರೇಕ್ ತಳಕ್ಕೆ ಹೋಗುತ್ತದೆ.

ಆಕ್ಸಲ್ ನಟ್ಟನ್ನು, ಬ್ರೇಕ್ ಒತ್ತಿಸಿಟ್ಟು, ಕಾರು ಎತ್ತಿರುವಾಗಲೇ ಚೆನ್ನಾಗಿ ಬಿಗಿಯಿರಿ. ಚಕ್ರದ ಮೇಲೆ ಭಾರ ಬೀಳುವ ಮುಂಚೆ ಒಳರಿಂಗುಗಳು ಒಂದಕ್ಕೊಂದು ಕೂಡಿರಬೇಕು. ಆಮೇಲೆ ಚಕ್ರ ಹಾಕಿ, ಕಾರು ಇಳಿಸಿ, ಉರುಳಿಸದೆ, ಟಾರ್ಕ್ ರೆಂಚ್‌ನಿಂದ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಅಳತೆಗೆ ಮುಗಿಸಿ. ಸಣ್ಣ ಕಾರುಗಳಲ್ಲಿ ಇದು ಹೆಚ್ಚಾಗಿ 170ರಿಂದ 280 ನ್ಯೂಟನ್ ಮೀಟರ್ ನಡುವೆ ಇರುತ್ತದೆ. 200 ನ್ಯೂಟನ್ ಮೀಟರ್ ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು 20 ಕಿಲೋ ತೂಗುಹಾಕಿದಷ್ಟು ಬಲ. ಕಡಿಮೆಯಾದರೆ ಬೇರಿಂಗ್ ಸಡಿಲವಾಗಿ ಬೇಗ ಸವೆಯುತ್ತದೆ, ಜಾಸ್ತಿಯಾದರೆ ನಟ್ಟಿನ ಮರೆ ಕೆಡುತ್ತದೆ. ಅಳತೆ ಮುಟ್ಟಿದ ಮೇಲೆ ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಗೆ ತಟ್ಟಿ ಬಗ್ಗಿಸಿ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಮಾರುತಿ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85 ನ್ಯೂಟನ್ ಮೀಟರ್, ಹ್ಯುಂಡೈಗಳಿಗೆ ಸ್ವಲ್ಪ ಜಾಸ್ತಿ.

ಓಡಿಸಿ ನೋಡುವುದು

ಮೊದಲು ಬೀದಿಯಲ್ಲೇ ನಿಧಾನವಾಗಿ ಹೋಗಿ ಎರಡು ಮೂರು ಸಲ ಬ್ರೇಕ್ ಹಾಕಿ ನೋಡಿ. ಎಬಿಎಸ್ ದೀಪ ಆರಿದೆಯಾ ಗಮನಿಸಿ. ಆಮೇಲೆ ಸದ್ದು ಬರುತ್ತಿದ್ದ ವೇಗಕ್ಕೆ ಹೋಗಿ, ಮುಂಚಿನಂತೆ ಎಡ ಬಲ ಎಳೆದು ಕೇಳಿ. ಮನೆಗೆ ಬಂದು ಎರಡೂ ಮುಂದಿನ ಚಕ್ರಗಳ ನಡುಭಾಗ ಮುಟ್ಟಿ ನೋಡಿ. ಬಿಚ್ಚಿದ ಕಡೆ ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಬ್ರೇಕ್ ಕಚ್ಚಿರಬಹುದು, ಇಲ್ಲವೇ ಬೇರಿಂಗ್ ಸರಿಯಾಗಿ ಕೂತಿಲ್ಲ. ಬ್ರೇಕ್ ಡಿಸ್ಕ್ ಸುಡುತ್ತಿರಬಹುದು, ಜೋಪಾನ.

50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚ್‌ನಿಂದ ನೋಡಿ. ಗುರುತು ಹಾಕಿ ಕೂರಿಸಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸಿ, ಶಾಕ್ ಅಬ್ಸಾರ್ಬರ್ ಬೋಲ್ಟು ಬಿಚ್ಚಿದ ಮೇಲೆ ಅದು ಬೇಕೇ ಬೇಕು. ಇನ್ನೊಂದು ಬದಿಯ ಬೇರಿಂಗ್ ಸದ್ದಿಲ್ಲದೆ ತಿರುಗುತ್ತಿದ್ದರೆ ಜೊತೆಗಿರಲಿ ಅಂತ ಅದನ್ನೂ ಬದಲಾಯಿಸುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿನಲ್ಲಿ ಹಬ್ ಮುಳುಗುವಷ್ಟು ಆಳಕ್ಕೆ ಕಾರು ಇಳಿದಿದ್ದರೆ ಮಾತ್ರ ಕೆಲವು ವಾರ ಆ ಬದಿಗೂ ಕಿವಿ ಕೊಡಿ.